ಉಕ್ಕಿನ ರಕ್ಷಣೆ, ಊರಿನ ರಕ್ಷಣೆ

2025ನೆಯ ಇಸವಿಯ ಫೆಬ್ರುವರಿ 24ರಂದು ಕೊಪ್ಪಳ ನಗರ ಬಾಗಿಲು ಹಾಕಿಕೊಂಡಿತು. ವರ್ತಕರು, ರೈತರು, ವಿದ್ಯಾರ್ಥಿಗಳು, ಎಲ್ಲ ಪಕ್ಷಗಳ ಮತ್ತು ಎಲ್ಲ ಧರ್ಮಗಳ ಜನ ಗವಿಮಠದ ಪೂಜ್ಯ ಶ್ರೀ ಅಭಿನವ ಗವಿಸಿದ್ಧೇಶ್ವರ ಮಹಾಸ್ವಾಮಿಗಳವರ ಸಾನ್ನಿಧ್ಯದಲ್ಲಿ ಒಂದುಗೂಡಿ, ಊರಿಗೆ ಹೊಂದಿಕೊಂಡೇ ಇನ್ನೊಂದು ಬೃಹತ್ ಉಕ್ಕಿನ ಕಾರ್ಖಾನೆ ಬೇಡವೆಂದು ಒಕ್ಕೊರಲಿನಿಂದ ಹೇಳಿದರು. ಅದಾಗಿ ಏಳು ವಾರ ತುಂಬುವ ಮೊದಲೇ, ಏಪ್ರಿಲ್ 12ರ ಶನಿವಾರ, ಬ್ರಿಟನ್ನಿನ ಸಂಸತ್ತು ರಜೆಯನ್ನು ಬದಿಗಿಟ್ಟು ಸೇರಿತು. ತನ್ನ ದೇಶದ ಕೊನೆಯ ಎರಡು ಊದುಕುಲುಮೆಗಳು ಆರಿಹೋಗದಂತೆ ತಡೆಯಲು ಒಂದೇ ದಿನದಲ್ಲಿ ಶಾಸನ ಮಾಡಿತು. ಮತ್ತೆ ಒಂಬತ್ತು ದಿನಗಳಿಗೆ, ಏಪ್ರಿಲ್ 21ರಂದು, ನಮ್ಮ ಕೇಂದ್ರ ಸರ್ಕಾರ ಹೊರದೇಶಗಳಿಂದ ಬರುವ ಉಕ್ಕಿನ ತಗಡು, ಸುರುಳಿ ಮೊದಲಾದ ಸರಕುಗಳ ಮೇಲೆ ಶೇಕಡ 12ರ ಸುರಕ್ಷತಾ ಸುಂಕ ವಿಧಿಸಿತು.

ಮೂರೂ ಸುದ್ದಿಗಳು ಉಕ್ಕಿಗೆ ಸಂಬಂಧಿಸಿದವು. ಮೂರರಲ್ಲಿಯೂ ಕೇಳಿಬಂದ ಮಾತು ಒಂದೇ: ರಕ್ಷಣೆ. ಒಂದೆಡೆ ಉಕ್ಕನ್ನು ರಕ್ಷಿಸಿ ಎಂಬ ಕೂಗು. ಇನ್ನೊಂದೆಡೆ ಉಕ್ಕಿನ ಕಾರ್ಖಾನೆಯಿಂದ ನಮ್ಮನ್ನು ರಕ್ಷಿಸಿ ಎಂಬ ಕೂಗು. ಇವೆರಡೂ ಪರಸ್ಪರ ವಿರುದ್ಧವೆಂದು ಮೇಲ್ನೋಟಕ್ಕೆ ತೋರುತ್ತದೆ. ದೇಶದ ಪರವಾಗಿರುವವರು ಒಂದು ಕಡೆ, ಅಭಿವೃದ್ಧಿಗೆ ಅಡ್ಡ ಬರುವವರು ಇನ್ನೊಂದು ಕಡೆ ಎಂದು ಕೆಲವರು ಗೆರೆ ಎಳೆದದ್ದೂ ಉಂಟು. ಈ ಗೆರೆಯನ್ನು ನಾವು ಒಪ್ಪುವುದಿಲ್ಲ. ದೇಶಕ್ಕೆ ತನ್ನದೇ ಉಕ್ಕು ಬೇಕು, ಅದನ್ನು ಉಳಿಸಿಕೊಳ್ಳಲು ಸರ್ಕಾರ ಕೈಹಾಕುವುದು ನ್ಯಾಯ. ಅದೇ ಕಾರಣಕ್ಕೆ, ಹಾಗೆ ಕೈಹಾಕಿದ ಸರ್ಕಾರಕ್ಕೂ ರಕ್ಷಣೆ ಪಡೆದ ಉದ್ಯಮಕ್ಕೂ ಕುಲುಮೆಯ ಪಕ್ಕದಲ್ಲಿ ಬದುಕುವವರ ಹೊಣೆ ಅಂಟಿಕೊಳ್ಳುತ್ತದೆ. ಈ ಎರಡು ಮಾತುಗಳನ್ನೂ ಒಟ್ಟಿಗೆ ಹಿಡಿದು ಯೋಚಿಸಬೇಕೆಂಬುದು ಈ ಬರಹದ ಉದ್ದೇಶ.

ದೇಶಗಳು ಉಕ್ಕನ್ನು ಏಕೆ ಕಾಯುತ್ತವೆ?

ಊದುಕುಲುಮೆಯೆಂಬುದು ಮನೆಯ ಒಲೆಯಂತಲ್ಲ. ಬೇಡವಾದಾಗ ಆರಿಸಿ ಬೇಕಾದಾಗ ಹೊತ್ತಿಸಲು ಬರುವುದಿಲ್ಲ. ಹಗಲಿರುಳು ವರ್ಷಗಟ್ಟಲೆ ಉರಿಯುವ ಕುಲುಮೆ ಒಮ್ಮೆ ತಣ್ಣಗಾದರೆ ಒಳಗಿನ ಕಬ್ಬಿಣ ಗಟ್ಟಿಯಾಗಿ ಕೂರುತ್ತದೆ. ಮತ್ತೆ ಹೊತ್ತಿಸುವುದು ಬಹಳ ವೆಚ್ಚದ, ಕೆಲವೊಮ್ಮೆ ಅಸಾಧ್ಯವೇ ಆದ ಕೆಲಸ. ಕುಲುಮೆಯೊಂದಿಗೆ ಅದರ ಕೌಶಲವೂ ಹೋಗುತ್ತದೆ. ಬ್ರಿಟನ್ನಿನ ಸ್ಕನ್‌ಥಾರ್ಪ್ ಎಂಬ ಊರಿನ ಕಾರ್ಖಾನೆ ಚೀನಾ ಮೂಲದ ಜಿಂಗ್ಯೆ ಕಂಪನಿಯ ಒಡೆತನದಲ್ಲಿತ್ತು. ನಷ್ಟವಾಗುತ್ತಿದೆಯೆಂದು ಕಂಪನಿ ಕುಲುಮೆಗಳನ್ನು ಮುಚ್ಚಲು ಹೊರಟಾಗ, ಕಲ್ಲಿದ್ದಲು ಮತ್ತು ಅದಿರನ್ನು ತರಿಸಿ ಕುಲುಮೆ ಉರಿಯುವಂತೆ ನೋಡಿಕೊಳ್ಳುವ ಅಧಿಕಾರವನ್ನು ಅಲ್ಲಿನ ಸರ್ಕಾರ ಶಾಸನದ ಮೂಲಕ ತಾನೇ ಪಡೆದುಕೊಂಡಿತು. ಕೈಗಾರಿಕಾ ಕ್ರಾಂತಿಯ ತವರೆನಿಸಿದ ದೇಶವೇ ಅದಿರಿನಿಂದ ಕಬ್ಬಿಣ ತೆಗೆಯುವ ಶಕ್ತಿಯನ್ನು ಪೂರ್ತಿಯಾಗಿ ಕಳೆದುಕೊಳ್ಳುವ ಅಂಚಿಗೆ ಬಂದು ನಿಂತಿತ್ತು.

ಅಮೆರಿಕ 1962ರ ತನ್ನ ವ್ಯಾಪಾರ ಕಾಯಿದೆಯೊಂದರಲ್ಲಿರುವ ರಾಷ್ಟ್ರೀಯ ಭದ್ರತೆಯ ಕಲಮನ್ನು ಮುಂದಿಟ್ಟು 2018ರಲ್ಲಿ ಆಮದು ಉಕ್ಕಿನ ಮೇಲೆ ಶೇಕಡ 25ರ ಸುಂಕ ಹಾಕಿತು. 2025ರ ಜೂನ್ ತಿಂಗಳಲ್ಲಿ ಅದನ್ನು ಶೇಕಡ 50ಕ್ಕೆ ಏರಿಸಿತು. ಅದೇ ತಿಂಗಳು ಜಪಾನಿನ ನಿಪ್ಪಾನ್ ಸ್ಟೀಲ್ ಕಂಪನಿ ಅಮೆರಿಕದ ಯು.ಎಸ್. ಸ್ಟೀಲನ್ನು ಕೊಂಡಾಗ, ಮುಖ್ಯ ತೀರ್ಮಾನಗಳನ್ನು ತಡೆಯಬಲ್ಲ ವಿಶೇಷ ಷೇರನ್ನು ಅಲ್ಲಿನ ಸರ್ಕಾರ ತನ್ನ ಕೈಯಲ್ಲಿರಿಸಿಕೊಂಡಿತು. ಮುಕ್ತ ಮಾರುಕಟ್ಟೆಯ ಪಾಠವನ್ನು ಜಗತ್ತಿಗೆಲ್ಲ ಹೇಳಿಕೊಟ್ಟ ದೇಶಗಳೇ ಉಕ್ಕಿನ ಮಾತು ಬಂದೊಡನೆ ಆ ಪಾಠವನ್ನು ಮಡಿಸಿಟ್ಟವು.

ಅವುಗಳ ಭಯಕ್ಕೆ ಕಾರಣವಿದೆ. 2024ರಲ್ಲಿ ಚೀನಾ ಒಂದೇ ಸುಮಾರು 100 ಕೋಟಿ ಟನ್ ಕಚ್ಚಾ ಉಕ್ಕನ್ನು ಉತ್ಪಾದಿಸಿತು. ಇದು ಜಗತ್ತಿನ ಒಟ್ಟು ಉತ್ಪಾದನೆಯ ಅರ್ಧಕ್ಕಿಂತ ಹೆಚ್ಚು. ತನ್ನೊಳಗೆ ಖರ್ಚಾಗದೆ ಉಳಿದುದನ್ನು ಅದು ಅಗ್ಗದ ದರದಲ್ಲಿ ಹೊರಗೆ ಕಳಿಸುತ್ತದೆ. ಭಾರತ ಜಗತ್ತಿನ ಎರಡನೆಯ ದೊಡ್ಡ ಉಕ್ಕು ಉತ್ಪಾದಕ ದೇಶ. 2024-25ರಲ್ಲಿ ನಾವು 15 ಕೋಟಿ ಟನ್ನಿಗೂ ಮಿಕ್ಕು ಉಕ್ಕು ತಯಾರಿಸಿದೆವು. ಆದರೂ ಆ ವರ್ಷ ಸಿದ್ಧ ಉಕ್ಕಿನ ರಫ್ತಿಗಿಂತ ಆಮದೇ ಹೆಚ್ಚಾಯಿತು. ಸುಂಕ ಬಂದದ್ದು ಈ ಹಿನ್ನೆಲೆಯಲ್ಲಿ. ಮೊದಲು 200 ದಿನಗಳಿಗೆಂದು ಹಾಕಿದ ಅದನ್ನು ಮುಂದೆ ಮೂರು ವರ್ಷಗಳ ಅವಧಿಗೆ, ವರ್ಷದಿಂದ ವರ್ಷಕ್ಕೆ ತುಸು ಇಳಿಯುವ ಪ್ರಮಾಣದಲ್ಲಿ ವಿಸ್ತರಿಸಲಾಯಿತು.

ಸ್ವಂತ ಉಕ್ಕಿನ ಬೆಲೆ ಏನೆಂಬುದಕ್ಕೆ ದೂರದ ನಿದರ್ಶನ ಒಂದು, ಹತ್ತಿರದ್ದು ಒಂದು. 2022ರ ಸೆಪ್ಟೆಂಬರ್ 2ರಂದು ನೌಕಾಪಡೆ ಸೇರಿದ ವಿಮಾನವಾಹಕ ನೌಕೆ ಐಎನ್‌ಎಸ್ ವಿಕ್ರಾಂತ್‌ಗೆ ಬೇಕಾದ ವಿಶೇಷ ಉಕ್ಕನ್ನು ಹೊರಗಿನಿಂದ ತರುವ ದಾರಿ ಸುಗಮವಾಗಿರಲಿಲ್ಲ. ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾ ಪ್ರಯೋಗಾಲಯ ಆ ಉಕ್ಕಿನ ಸೂತ್ರವನ್ನು ಕಂಡುಹಿಡಿಯಿತು. ಭಾರತೀಯ ಉಕ್ಕು ಪ್ರಾಧಿಕಾರ, ಅಂದರೆ ಸೇಲ್, ಸುಮಾರು 30,000 ಟನ್ ತಯಾರಿಸಿ ಕೊಟ್ಟಿತು. ಕೊಡುವವನ ಮರ್ಜಿಗೆ ಕಾಯುತ್ತ ಕುಳಿತಿದ್ದರೆ ಆ ಹಡಗು ಇಂದಿಗೂ ಕಟ್ಟೆಯ ಮೇಲೆಯೇ ಇರುತ್ತಿತ್ತೇನೋ.

ಹತ್ತಿರದ ನಿದರ್ಶನ ನಮ್ಮ ಗಂಗಾವತಿ ಭಾಗದ ಸದ್ಭಕ್ತರಿಗೆ ಹೇಳಬೇಕಾದುದೇ ಇಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟಿನ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿ ನಿಂತಿದ್ದ ಜಲಾಶಯದಿಂದ ಎಡದಂಡೆ ಕಾಲುವೆಯ ಭತ್ತದ ಬದುಕೇ ಹರಿದುಹೋಗುತ್ತಿದ್ದುದನ್ನು ನೋಡಿ ಈ ಭಾಗದ ಜನ ನಿದ್ದೆಗೆಟ್ಟರು. ಹೊಸಪೇಟೆ ಮತ್ತು ತೋರಣಗಲ್ಲಿನ ಸುತ್ತಲ ಕಾರ್ಖಾನೆಗಳಲ್ಲಿಯೇ ಉಕ್ಕಿನ ತಡೆಪಟ್ಟಿಗಳು ಸಿದ್ಧವಾಗಿ, ಒಂದು ವಾರದ ಅವಧಿಯಲ್ಲಿ ಹರಿವ ನೀರಿನಲ್ಲಿಯೇ ಇಳಿದು ಕುಳಿತವು. ಉಕ್ಕು, ಅದನ್ನು ಕತ್ತರಿಸಿ ಬೆಸೆಯುವ ಕೈಗಳು ಮತ್ತು ಬುದ್ಧಿ ಮೂರೂ ಕೂಗಳತೆಯಲ್ಲಿ ಇದ್ದುದರಿಂದ ಆ ವರ್ಷದ ಬೆಳೆ ಉಳಿಯಿತು. ಭದ್ರತೆಯೆಂದರೆ ಗಡಿಯಲ್ಲಿನ ತೋಪು ಮಾತ್ರವಲ್ಲ, ಕಾಲುವೆಯ ಗೇಟೂ ಹೌದು. ಆದುದರಿಂದ ಉಕ್ಕು ಬೇಡವೆನ್ನುವ ಮಾತು ನಮ್ಮ ಬಾಯಿಂದ ಬರಲಾರದು.

ನಮ್ಮ ನೆಲದ ಉಕ್ಕಿನ ಲೆಕ್ಕ

ಕಬ್ಬಿಣ ಈ ನೆಲಕ್ಕೆ ಹೊಸತಲ್ಲ. ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಗುಡ್ಡದ ಮೇಲಿರುವ ಬೃಹತ್ ಶಿಲಾಸಮಾಧಿಗಳು ಕಬ್ಬಿಣ ಯುಗದವು. 2021ರಲ್ಲಿ ಅವು ಯುನೆಸ್ಕೋದ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು. ದಕ್ಷಿಣ ಭಾರತದ ಮೂಸೆ ಉಕ್ಕು ಒಂದು ಕಾಲದಲ್ಲಿ ಕಡಲಾಚೆಗೂ ಹೆಸರಾಗಿತ್ತು. ಇಂಗ್ಲಿಷರು ಅದನ್ನು ಕರೆದ ‘ವೂಟ್ಜ್’ ಎಂಬ ಹೆಸರು ನಮ್ಮ ‘ಉಕ್ಕು’ ಎಂಬ ಶಬ್ದದಿಂದಲೇ ಹುಟ್ಟಿತೆಂದು ವಿದ್ವಾಂಸರು ಹೇಳುತ್ತಾರೆ.

ಸ್ವಾತಂತ್ರ್ಯಾನಂತರ 1956ರ ಕೈಗಾರಿಕಾ ನೀತಿ ಉಕ್ಕನ್ನು ಸರ್ಕಾರದ ಕೈಯಲ್ಲಿಯೇ ಇರಬೇಕಾದ ಉದ್ಯಮವೆಂದು ಸಾರಿತು. ಭಿಲಾಯಿ, ರೂರ್ಕೆಲಾ, ದುರ್ಗಾಪುರಗಳು ಎದ್ದವು. 1972ರಲ್ಲಿ ಬಂಗಾಳದ ಖಾಸಗಿ ಉಕ್ಕಿನ ಕಂಪನಿಯೊಂದು ಕುಸಿಯುವಾಗ ಕೇಂದ್ರ ಸರ್ಕಾರವೇ ಅದರ ಆಡಳಿತವನ್ನು ವಹಿಸಿಕೊಂಡಿತು. ಬ್ರಿಟನ್ 2025ರಲ್ಲಿ ಮಾಡಿದ ಕೆಲಸವನ್ನು ನಾವು ಅರ್ಧ ಶತಮಾನದ ಹಿಂದೆಯೇ ಮಾಡಿದ್ದೆವು. 1970ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ದಕ್ಷಿಣಕ್ಕೆ ಮೂರು ಸರ್ಕಾರಿ ಉಕ್ಕಿನ ಕಾರ್ಖಾನೆಗಳನ್ನು ಘೋಷಿಸಿದರು: ಸೇಲಂ, ವಿಶಾಖಪಟ್ಟಣ, ಹೊಸಪೇಟೆ. ಮುಂದಿನ ವರ್ಷ ತೋರಣಗಲ್ಲಿನಲ್ಲಿ ಅಡಿಗಲ್ಲೂ ಬಿತ್ತು. ಸೇಲಂ ಎದ್ದಿತು, ವಿಶಾಖಪಟ್ಟಣ ಎದ್ದಿತು; ನಮ್ಮ ಪಾಲಿನ ಅಡಿಗಲ್ಲು ಅಡಿಗಲ್ಲಾಗಿಯೇ ಉಳಿಯಿತು. ಎರಡು ದಶಕಗಳ ಬಳಿಕ ಅಲ್ಲಿ ಬಂದುದು ಖಾಸಗಿ ಕಾರ್ಖಾನೆ.

ಇದಕ್ಕಿಂತ ನೋವಿನ ಸಂಗತಿ ಭದ್ರಾವತಿಯದು. ಮೈಸೂರು ಸಂಸ್ಥಾನ ಆರಂಭಿಸಿದ, ಸರ್ ಎಂ. ವಿಶ್ವೇಶ್ವರಯ್ಯನವರು ಬೆಳೆಸಿದ, 1923ರಲ್ಲಿ ಕಬ್ಬಿಣ ಹೊರತೆಗೆದ ಆ ಕಾರ್ಖಾನೆ ಮಿಶ್ರಲೋಹದ ವಿಶೇಷ ಉಕ್ಕಿಗೆ ಹೆಸರಾಗಿತ್ತು. ರೈಲ್ವೆಗೂ ರಕ್ಷಣಾ ಇಲಾಖೆಗೂ ಬೇಕಾದ ಸರಕು ಅಲ್ಲಿಂದ ಹೋಗುತ್ತಿತ್ತು. 1989ರಲ್ಲಿ ಅದು ಸೇಲ್ ಸಂಸ್ಥೆಯ ಕೈ ಸೇರಿತು. ಸ್ವಂತ ಅದಿರಿನ ಗಣಿ ಮತ್ತು ಹೊಸ ಬಂಡವಾಳ ಇಲ್ಲದೆ ಅದು ಸೊರಗಿತು. 2023ರ ಜನವರಿಯಲ್ಲಿ ಮುಚ್ಚುವ ತೀರ್ಮಾನವೂ ಹೊರಬಿತ್ತು. ಕಾರ್ಮಿಕರ ಹೋರಾಟದ ನಂತರ ಕೆಲವು ಘಟಕಗಳು ಮತ್ತೆ ಚಾಲನೆ ಪಡೆದವು. 2024ರ ಜೂನ್‌ನಲ್ಲಿ ಕೇಂದ್ರ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ಅವರು ಭೇಟಿ ನೀಡಿ ಪುನಶ್ಚೇತನದ ಆಶೆ ಮೂಡಿಸಿದರು. 2025ರ ಜನವರಿಯಲ್ಲಿ ವಿಶಾಖಪಟ್ಟಣದ ಕಾರ್ಖಾನೆಗೆ ಕೇಂದ್ರ ಸರ್ಕಾರ 11,440 ಕೋಟಿ ರೂಪಾಯಿಗಳ ನೆರವನ್ನು ಮಂಜೂರು ಮಾಡಿತು. ಅದು ಸರಿಯಾದ ಕೆಲಸವೇ. ಭದ್ರಾವತಿಗೆ ಆ ಭಾಗ್ಯ ಏಕಿಲ್ಲವೆಂದು ಕೇಳುವ ಹಕ್ಕು ಕನ್ನಡಿಗರಿಗಿದೆ. ಉಕ್ಕು ರಾಷ್ಟ್ರದ ಭದ್ರತೆಯ ವಿಷಯವಾದರೆ, ನೂರು ವರ್ಷಗಳಿಂದ ಕುಶಲ ಕೈಗಳನ್ನು ಬೆಳೆಸಿದ, ಊರಿನವರೇ ‘ಮುಚ್ಚಬೇಡಿ’ ಎಂದು ಬೇಡುತ್ತಿರುವ ಕಾರ್ಖಾನೆಯನ್ನು ಉಳಿಸುವುದು ಮೊದಲ ಕೆಲಸವಲ್ಲವೇ? ಬೇಕೆನ್ನುವ ಊರಿನಲ್ಲಿ ಕುಲುಮೆ ಆರುತ್ತಿದೆ. ಸಾಕೆನ್ನುವ ಊರಿನಲ್ಲಿ ಹೊಸ ಕುಲುಮೆಗೆ ಸಿದ್ಧತೆ ನಡೆಯುತ್ತಿದೆ.

ರಕ್ಷಣೆಯೆಂಬ ಋಣ

ಸುಂಕವೆಂದರೆ ಏನು? ಹೊರಗಿನ ಸರಕು ಅಗ್ಗವಾಗಿ ಬರದಂತೆ ಕಟ್ಟುವ ಒಡ್ಡು. ಒಡ್ಡಿನ ಒಳಗಿರುವ ಉತ್ಪಾದಕನಿಗೆ ಅದರಿಂದ ಉಸಿರಾಡಲು ಅವಕಾಶ ಸಿಗುತ್ತದೆ. ಆದರೆ ಒಡ್ಡಿನ ಖರ್ಚನ್ನು ತೆರುವವರು ಬೇರೆ. ಟ್ರೇಲರ್ ಮಾಡಿಸುವ ರೈತ, ಕೂರಿಗೆ-ಕುಂಟೆ ತಯಾರಿಸುವ ಕುಷ್ಟಗಿ, ಯಲಬುರ್ಗಾಗಳ ಸಣ್ಣ ಕೈಗಾರಿಕೆಯವನು, ಮನೆಗೆ ತಗಡಿನ ಚಾವಣಿ ಹಾಕಿಸುವ ಬಡವ, ಇವರೆಲ್ಲರೂ ಟನ್ನಿಗಿಷ್ಟು, ಕಿಲೋಗಿಷ್ಟು ಎಂದು ಆ ವೆಚ್ಚದ ಪಾಲು ಹೊರುತ್ತಾರೆ. ಕಾರ್ಖಾನೆಗೆ ಕೊಡುವ ಸರ್ಕಾರಿ ಭೂಮಿ, ನೀರು, ತೆರಿಗೆ ರಿಯಾಯಿತಿಗಳೂ ಜನರ ಗಂಟಿನಿಂದಲೇ ಬರುವಂಥವು.

ಹೀಗೆ ಜನರ ಹಣದಿಂದ ಕಾಪಾಡಲ್ಪಟ್ಟ ಉದ್ಯಮ ಜನರಿಗೆ ಋಣಿ. ನಮ್ಮ ಶರಣರು ಗಳಿಕೆಯನ್ನು ಕಾಯಕವೆಂದು ಕರೆದರು, ಆದರೆ ಕಾಯಕವನ್ನು ದಾಸೋಹದಿಂದ ಬೇರ್ಪಡಿಸಲಿಲ್ಲ. ಸಮಾಜದಿಂದ ಪಡೆದುದು ಸಮಾಜಕ್ಕೆ ಮರಳಬೇಕು. ಮರಳಿಸುವಾಗ ‘ನಾನು ಕೊಟ್ಟೆ’ ಎಂಬ ಭಾವವೂ ಇರಬಾರದು. ಇಂದಿನ ದೊಡ್ಡ ಉದ್ಯಮಗಳು ಶಾಲೆಗೊಂದು ಕೊಠಡಿ, ಊರಿಗೊಂದು ಬಸ್ ತಂಗುದಾಣ ಕಟ್ಟಿಸಿ ಅದನ್ನೇ ಸೇವೆಯೆಂದು ಫಲಕ ಹಾಕುತ್ತವೆ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಗಾಳಿಯನ್ನು ಶುದ್ಧವಾಗಿ ಉಳಿಸುವುದು ದಾನವಲ್ಲ, ಸಾಲ ತೀರಿಸುವ ಮೊದಲ ಕಂತು. ಆ ಕಂತನ್ನು ಕಟ್ಟದೆ ದಾನ ಮಾಡಿದರೆ ಅದು ದಾಸೋಹವಾಗದು.

ಕೊಪ್ಪಳದ ಪ್ರಶ್ನೆ

2017ರ ರಾಷ್ಟ್ರೀಯ ಉಕ್ಕು ನೀತಿಯ ಪ್ರಕಾರ 2030-31ರ ವೇಳೆಗೆ ದೇಶದ ಉತ್ಪಾದನಾ ಸಾಮರ್ಥ್ಯ 30 ಕೋಟಿ ಟನ್ನಿಗೆ ಏರಬೇಕು. 2025ರ ವೇಳೆಗೆ ಅದು ಸುಮಾರು 20 ಕೋಟಿ ಟನ್ ತಲುಪಿತ್ತು. ಉಳಿದ 10 ಕೋಟಿ ಟನ್ನಿನ ಸಾಮರ್ಥ್ಯ ಎಲ್ಲಿಯಾದರೂ ಏಳಲೇಬೇಕು. ಕೊಪ್ಪಳದ ಬಳಿ ಬಲ್ಡೋಟ ಸಮೂಹ 2025ರ ಫೆಬ್ರುವರಿಯ ಹೂಡಿಕೆದಾರರ ಸಮಾವೇಶದಲ್ಲಿ ಪ್ರಕಟಿಸಿದ ಯೋಜನೆ 54,000 ಕೋಟಿ ರೂಪಾಯಿ ಹೂಡಿಕೆಯದು. ವರ್ಷಕ್ಕೆ 105 ಲಕ್ಷ ಟನ್ ಉಕ್ಕಿನದು. ಎಂದರೆ ಇಡೀ ದೇಶ ಹೊಸದಾಗಿ ಕಟ್ಟಬೇಕಾದುದರಲ್ಲಿ ಸುಮಾರು ಹತ್ತನೆಯ ಒಂದು ಭಾಗ ಒಂದೇ ಊರಿನ ಮಗ್ಗುಲಲ್ಲಿ.

ಇಲ್ಲಿಯೇ ಏಕೆ ಎಂಬುದು ಗುಟ್ಟೇನಲ್ಲ. ಸಂಡೂರು, ಹೊಸಪೇಟೆಗಳ ಅದಿರು ಒಂದು ಕಡೆ, ತುಂಗಭದ್ರೆಯ ನೀರು ಇನ್ನೊಂದು ಕಡೆ, ರೈಲು ಹಾದಿ ಮತ್ತು ಹೆದ್ದಾರಿ ನಡುವೆ. 1990ರ ದಶಕದಿಂದಲೇ ಬೇವಿನಹಳ್ಳಿ, ಗಿಣಿಗೇರಾಗಳ ಸುತ್ತ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಗಳು ಬಂದಿವೆ. ಸಾವಿರಾರು ಮನೆಗಳ ಒಲೆ ಅವುಗಳಿಂದ ಉರಿಯುತ್ತಿದೆ. ಅಲ್ಲಿ ದುಡಿಯುವವರೂ ಮಠದ ಸದ್ಭಕ್ತರೇ. ಅವರ ಕಾಯಕವನ್ನು ಹಗುರವಾಗಿ ಕಾಣುವ ಮಾತು ಯಾರೂ ಆಡಬಾರದು. ಆದರೆ ಗಿಣಿಗೇರಾ, ಹಿರೇಬಗನಾಳ, ಅಲ್ಲಾನಗರ, ಕುಣಿಕೇರಿ, ಹಾಲವರ್ತಿಗಳ ಕಡೆಯ ಜನ ವರ್ಷಗಳಿಂದ ಹೇಳುತ್ತ ಬಂದಿರುವ ಮಾತನ್ನೂ ಕೇಳಬೇಕು: ಅಂಗಳದಲ್ಲಿ, ಬೆಳೆಯ ಎಲೆಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಕಪ್ಪು ಧೂಳು; ಮಕ್ಕಳಿಗೂ ಮುದುಕರಿಗೂ ಕೆಮ್ಮು, ದಮ್ಮು. ಜೊತೆಗೆ ಬಸಾಪುರದ ಕೆರೆಗೆ ಜನ ಮತ್ತು ಜಾನುವಾರುಗಳಿಗೆ ಮುಕ್ತ ಪ್ರವೇಶ ಬೇಕೆಂಬ ಬೇಡಿಕೆ.

ಧೂಳು ಹಿಡಿಯುವ ವಿದ್ಯೆ ಇಲ್ಲವೆಂದಲ್ಲ. ಇಎಸ್‌ಪಿ ಎಂದು ಕರೆಯುವ ಯಂತ್ರಗಳು ಚಿಮಣಿಯ ಹೊಗೆಯಲ್ಲಿನ ಕಣಗಳನ್ನು ವಿದ್ಯುತ್ ಬಲದಿಂದ ಹಿಡಿದಿಡುತ್ತವೆ. ಅವು ನಡೆಯಲು ವಿದ್ಯುತ್ ಬೇಕು, ದುರಸ್ತಿ ಬೇಕು, ನಿಂತಾಗ ಉತ್ಪಾದನೆಯನ್ನೂ ನಿಲ್ಲಿಸುವ ಮನಸ್ಸು ಬೇಕು. ಯಂತ್ರ ನಿಂತರೆ ಖರ್ಚು ಉಳಿಯುವುದು ಕಾರ್ಖಾನೆಗೆ, ಧೂಳು ಬೀಳುವುದು ಊರಿಗೆ. ಆದುದರಿಂದ ಪರಿಹಾರ ಯಂತ್ರದಲ್ಲಿ ಮಾತ್ರವಿಲ್ಲ, ಅದನ್ನು ಕಾಯುವ ಕಣ್ಣಿನಲ್ಲಿದೆ.

ನೀರಿನ ಲೆಕ್ಕವನ್ನೂ ಒಮ್ಮೆ ನೋಡೋಣ. ಒಂದು ಟನ್ ಉಕ್ಕಿಗೆ ಸುಮಾರು ಮೂರರಿಂದ ನಾಲ್ಕು ಘನ ಮೀಟರ್ ನೀರು ಎಂದು ಹಿಡಿದರೆ 105 ಲಕ್ಷ ಟನ್ನಿಗೆ ವರ್ಷಕ್ಕೆ ಸುಮಾರು ಒಂದರಿಂದ ಒಂದೂವರೆ ಟಿಎಂಸಿ ಬೇಕು. ಜಲಾಶಯ ತುಂಬಿದ ವರ್ಷ ಇದು ದೊಡ್ಡ ಪ್ರಮಾಣವೆನಿಸದು. ಆದರೆ ಮೊದಲು 133 ಟಿಎಂಸಿ ಹಿಡಿಯುತ್ತಿದ್ದ ತುಂಗಭದ್ರೆಯಲ್ಲಿ ಹೂಳು ತುಂಬಿ ಈಗ ಉಳಿದಿರುವುದು ಸುಮಾರು 105 ಟಿಎಂಸಿ ಸಾಮರ್ಥ್ಯ. 2023ರಂತಹ ಬರದ ವರ್ಷದಲ್ಲಿ ಆ ಒಂದು ಟಿಎಂಸಿ ಯಾರದು? ಗಂಗಾವತಿಯ ರೈತನ ಗದ್ದೆಯದೋ, ಕುಲುಮೆಯದೋ? ಕೃಷ್ಣೆಯ ನೀರಿಗಾಗಿ ವರ್ಷಗಳಿಂದ ಕಾಯುತ್ತಿರುವ ಕುಷ್ಟಗಿ, ಯಲಬುರ್ಗಾಗಳ ಜನಕ್ಕೆ ಈ ಪ್ರಶ್ನೆ ಇನ್ನೂ ಕಹಿಯಾಗಿ ಕೇಳಿಸೀತು. ಬರ ಬಂದಾಗ ಮೊದಲು ಕುಡಿಯುವ ನೀರು, ಆಮೇಲೆ ಬೆಳೆ, ಕೊನೆಗೆ ಕಾರ್ಖಾನೆ ಎಂಬ ಕ್ರಮವನ್ನು ಇಂದೇ ಬರೆದಿಡಬೇಕು.

ಭದ್ರತೆಯ ವಾದದಲ್ಲಿಯೂ ಒಂದು ಬಿರುಕಿದೆ. ಊದುಕುಲುಮೆಗೆ ಬೇಕಾದ ಕೋಕಿಂಗ್ ಕಲ್ಲಿದ್ದಲಿನ ಬಹುಪಾಲನ್ನು ದೇಶ ಹೊರಗಿನಿಂದಲೇ, ಮುಖ್ಯವಾಗಿ ಆಸ್ಟ್ರೇಲಿಯಾದಿಂದ ತರಿಸಿಕೊಳ್ಳುತ್ತದೆ. ಗೋವಾದ ಮುರ್ಮುಗಾವ್ ಬಂದರಿನಲ್ಲಿ ಇಳಿದ ಕಲ್ಲಿದ್ದಲು ಗದಗ, ಕೊಪ್ಪಳಗಳ ಹಾದಿಯಲ್ಲಿಯೇ ಬಳ್ಳಾರಿಯ ಕಡೆಗೆ ಸಾಗುತ್ತದೆ. ಅದಿರು ನಮ್ಮದು, ನೀರು ನಮ್ಮದು, ಧೂಳು ನಮ್ಮದು, ಬೆಂಕಿ ಮಾತ್ರ ಕಡಲಾಚೆಯದು. ನಿಜವಾದ ಸ್ವಾವಲಂಬನೆ ಬೇಕಾದರೆ ಹಳೆಯ ಕಬ್ಬಿಣವನ್ನು ಕರಗಿಸಿ ಮತ್ತೆ ಬಳಸುವ ವಿದ್ಯುತ್ ಕುಲುಮೆಗಳಿಗೆ ಹೆಚ್ಚು ಒತ್ತು ಕೊಡಬೇಕು. ಅವಕ್ಕೆ ಕೋಕಿಂಗ್ ಕಲ್ಲಿದ್ದಲು ಬೇಡ. ಯಲಬುರ್ಗಾ, ಕುಕನೂರು, ಕುಷ್ಟಗಿಗಳ ಬಯಲಿನಲ್ಲಿ ತಿರುಗುತ್ತಿರುವ ಗಾಳಿಯಂತ್ರಗಳ ವಿದ್ಯುತ್ತು ಇಂತಹ ಕೆಲಸಕ್ಕೂ ಒದಗಬಾರದೇಕೆ?

ಬಂದ್ ನಡೆದ ಬಳಿಕ, ಮಾರ್ಚ್ ತಿಂಗಳಿನಲ್ಲಿ, ಜಿಲ್ಲೆಯ ಎಲ್ಲ ಪಕ್ಷಗಳ ಪ್ರತಿನಿಧಿಗಳು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರನ್ನು ಕಂಡರು. ಕಾಮಗಾರಿ ನಿಲ್ಲಿಸುವಂತೆ ಜಿಲ್ಲಾಧಿಕಾರಿಗಳಿಗೆ ಸೂಚನೆ ಹೋಯಿತು. ಸರ್ಕಾರ ಜನರ ಮಾತಿಗೆ ಕಿವಿಗೊಟ್ಟದ್ದು ಸ್ವಾಗತಾರ್ಹ. ಆದರೆ ಸೂಚನೆ ನೀತಿಯಲ್ಲ. ಒಂದು ಯೋಜನೆಯನ್ನು ತಡೆದ ಕೈ, ಎಲ್ಲಿ ಕಾರ್ಖಾನೆ ಬರಬಹುದು, ಎಲ್ಲಿ ಬರಬಾರದು, ಊರಿನಿಂದ ಎಷ್ಟು ದೂರವಿರಬೇಕು ಎಂಬುದನ್ನು ಶಾಶ್ವತವಾಗಿ ಬರೆದಿಡದಿದ್ದರೆ ಪ್ರಶ್ನೆ ಮತ್ತೆ ಮತ್ತೆ ಬಾಗಿಲು ತಟ್ಟುತ್ತದೆ.

ಒಂದು ಮಾತಿನ ಅಪಾಯ

ಇಲ್ಲಿ ಸದ್ಭಕ್ತರು ಮುಖ್ಯವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. 2006ರ ಸೆಪ್ಟೆಂಬರ್ 14ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಇಂತಹ ದೊಡ್ಡ ಕಾರ್ಖಾನೆಗೆ ಅನುಮತಿ ಕೊಡುವ ಮೊದಲು ಸಾರ್ವಜನಿಕ ಆಲಿಕೆ ಸಭೆ ನಡೆಯಬೇಕು. ಕನಿಷ್ಠ 30 ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು. ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಸಭೆ ಜಿಲ್ಲಾಧಿಕಾರಿಗಳ ಅಥವಾ ಅವರ ಪ್ರತಿನಿಧಿಯ ಅಧ್ಯಕ್ಷತೆಯಲ್ಲಿ ಯೋಜನೆಯ ಸ್ಥಳದಲ್ಲಿ ಅಥವಾ ಅದರ ಸಮೀಪದಲ್ಲಿ ನಡೆದು, ಪೂರ್ತಿಯಾಗಿ ಚಿತ್ರೀಕರಣವಾಗಬೇಕು. ಹಳ್ಳಿಯ ಹೆಣ್ಣುಮಗಳೊಬ್ಬಳು ಎದ್ದು ನಿಂತು ‘ನನ್ನ ಮಗುವಿಗೆ ಕೆಮ್ಮು’ ಎಂದು ಹೇಳಿದರೆ ಅದೂ ದಾಖಲೆಯಾಗುತ್ತದೆ.

ಆದರೆ ಅದೇ ಅಧಿಸೂಚನೆಯಲ್ಲಿ, ರಾಷ್ಟ್ರರಕ್ಷಣೆ ಮತ್ತು ಭದ್ರತೆಗೆ ಸಂಬಂಧಿಸಿದ, ಅಥವಾ ಕೇಂದ್ರ ಸರ್ಕಾರ ಆಯಕಟ್ಟಿನದೆಂದು ನಿರ್ಧರಿಸುವ ಯೋಜನೆಗಳಿಗೆ ಈ ಆಲಿಕೆಯಿಂದ ವಿನಾಯಿತಿ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಪರಮಾಣು, ನಿರ್ಣಾಯಕ ಮತ್ತು ಆಯಕಟ್ಟಿನ ಖನಿಜಗಳ ಗಣಿಗಳಿಗೂ ಕೇಂದ್ರ ಪರಿಸರ ಸಚಿವಾಲಯ ಇದೇ ವಿನಾಯಿತಿ ನೀಡಿತು. ಉಕ್ಕಿನ ಕಾರ್ಖಾನೆ ಆ ಪಟ್ಟಿಯಲ್ಲಿಲ್ಲ. ಆದರೆ ‘ಉಕ್ಕು ರಾಷ್ಟ್ರೀಯ ಭದ್ರತೆ’ ಎಂಬ ಮಾತು ದಿನದಿಂದ ದಿನಕ್ಕೆ ಬಲವಾಗುತ್ತಿರುವಾಗ ಎಚ್ಚರವಾಗಿರುವುದು ನಮ್ಮ ಕರ್ತವ್ಯ. ಹಡಗಿನ ತಳಕ್ಕೆ ಬೇಕಾದ ವಿಶೇಷ ಉಕ್ಕು ಭದ್ರತೆಯ ವಿಷಯ, ನಿಜ. ಮಾರುಕಟ್ಟೆಗೆ ಹೋಗುವ ಪ್ರತಿಯೊಂದು ತಗಡಿನ ಸುರುಳಿಯೂ ಭದ್ರತೆಯ ವಿಷಯವೆಂದರೆ, ಆ ಮಾತು ಜನರ ಬಾಯಿ ಮುಚ್ಚಿಸುವ ಬೀಗವಾಗುತ್ತದೆ. ಅನುಭವ ಮಂಟಪದಲ್ಲಿ ಕಾಯಕದ ಹೆಚ್ಚು-ಕಡಿಮೆ ನೋಡದೆ, ಹೆಣ್ಣು-ಗಂಡೆಂಬ ಭೇದವಿಲ್ಲದೆ ಎಲ್ಲರಿಗೂ ಮಾತಾಡುವ ಅವಕಾಶವಿತ್ತು. ಆ ಪರಂಪರೆಯವರಾದ ನಾವು, ದೇಶದ ಹೆಸರಿನಲ್ಲಿಯಾದರೂ ಸರಿ, ಜನರ ಮಾತನ್ನು ಕೇಳದೆ ನಡೆಯುವ ತೀರ್ಮಾನವನ್ನು ಒಪ್ಪಲಾಗದು.

ಸಾಕೆನ್ನುವ ಅರಿವು

ಈ ಹೊತ್ತಿನಲ್ಲಿ ನಮ್ಮ ನೆರೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ನೆನಪಾಗುತ್ತದೆ. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಕಂಡ ಲಕ್ಕಮ್ಮ ಹಿಗ್ಗಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಗೆ ಹೇಳಿದಳು. ಅಕ್ಕಿ ಕದ್ದದ್ದಲ್ಲ, ದಾಸೋಹಕ್ಕೇ ತಂದದ್ದು. ಆದರೂ ಅಗತ್ಯವನ್ನು ಮೀರಿದುದು ಆಶೆಯೆಂದು ಆ ತಾಯಿಗೆ ಗೊತ್ತಿತ್ತು.

ಉಕ್ಕಿಗೂ ಈ ಅಳತೆ ಸಲ್ಲುತ್ತದೆ. ದೇಶಕ್ಕೆ ಬೇಕಾದಷ್ಟು ಉಕ್ಕು ಕಾಯಕ. ಒಂದೇ ಊರಿನ ಗಾಳಿ ಹೊರಲಾರದಷ್ಟು ಕುಲುಮೆಗಳನ್ನು ಅಲ್ಲಿಯೇ ಪೇರಿಸುವುದು ಆಶೆ. 2025ರ ಮೇ ತಿಂಗಳಲ್ಲಿ ತಳಕಲ್‌ನಿಂದ ಕುಕನೂರು, ಯಲಬುರ್ಗಾಗಳನ್ನು ಹಾದು ಕುಷ್ಟಗಿಗೆ ಮೊದಲ ರೈಲು ಬಂದಾಗ ಜನ ಹೂಮಾಲೆ ಹಾಕಿ ಬರಮಾಡಿಕೊಂಡರು. ಆ ಹಳಿಗಳೂ ಉಕ್ಕೇ. ಬೇಕಾದ ಉಕ್ಕನ್ನು ಈ ಜಿಲ್ಲೆ ಎಂದೂ ತಿರಸ್ಕರಿಸಿಲ್ಲ.

ಮಾಡಬೇಕಾದುದು

ಸರ್ಕಾರಗಳಲ್ಲಿ ನಮ್ಮ ವಿನಂತಿ ಇಷ್ಟು. ಭದ್ರಾವತಿಗೆ ಗಣಿಯನ್ನೂ ಬಂಡವಾಳವನ್ನೂ ಕೊಟ್ಟು ಉಳಿಸಿರಿ. ಸುಂಕದ ರಕ್ಷಣೆ ಪಡೆಯುವ ಪ್ರತಿ ಕಾರ್ಖಾನೆಗೂ ಗಾಳಿ, ನೀರು, ಸ್ಥಳೀಯ ಉದ್ಯೋಗಗಳ ಷರತ್ತು ಹಾಕಿರಿ. ಷರತ್ತು ಮುರಿದವರಿಗೆ ರಕ್ಷಣೆ ನಿಲ್ಲಲಿ. ಚಿಮಣಿಯ ಹೊಗೆಯ ಅಳತೆಯನ್ನು ಪ್ರತಿ ಗಂಟೆಯೂ ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಮುಂದಿನ ಫಲಕದಲ್ಲಿ ತೋರಿಸಿರಿ. ಕೊಪ್ಪಳದ ವೈದ್ಯಕೀಯ ಕಾಲೇಜಿನ ಮೂಲಕ ಕಾರ್ಖಾನೆಗಳ ಸುತ್ತಲ ಹಳ್ಳಿಗಳಲ್ಲಿ ಮನೆಮನೆ ಆರೋಗ್ಯ ಸಮೀಕ್ಷೆ ನಡೆಸಿ ಅದರ ಫಲಿತಾಂಶವನ್ನು ಜನರ ಮುಂದಿಡಿರಿ. ಈ ಜಿಲ್ಲೆಯ ಗಾಳಿ ಇನ್ನೆಷ್ಟು ಹೊರೆ ತಾಳಬಲ್ಲದೆಂಬ ಲೆಕ್ಕ ಬರುವವರೆಗೆ ಊರಿನ ಮಗ್ಗುಲಲ್ಲಿ ಹೊಸ ಕುಲುಮೆಗೆ ಅನುಮತಿ ಬೇಡ.

ಸದ್ಭಕ್ತರಲ್ಲಿಯೂ ವಿನಂತಿಯಿದೆ. ಆಲಿಕೆ ಸಭೆಯ ಪ್ರಕಟಣೆ ಬಂದಾಗ ವರದಿಯ ಕನ್ನಡ ಸಾರಾಂಶವನ್ನು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿಯೋ ಜಿಲ್ಲಾ ಪಂಚಾಯಿತಿಯಲ್ಲಿಯೋ ಕೇಳಿ ಪಡೆಯಿರಿ. ಓದಲು ಬಾರದವರಿಗೆ ಊರಿನ ಮಾಸ್ತರರೋ ಕಾಲೇಜಿನ ಮಕ್ಕಳೋ ಓದಿ ಹೇಳಲಿ. ಸಭೆಯಲ್ಲಿ ಘೋಷಣೆ ಕೂಗಿ ಬರುವುದಕ್ಕಿಂತ, ಯಾವ ದಿನ, ಯಾವ ಹೊಲದಲ್ಲಿ, ಏನು ನಷ್ಟವಾಯಿತು ಎಂಬುದನ್ನು ಬರೆದು, ಸಹಿ ಮಾಡಿ ಕೊಟ್ಟು, ಸ್ವೀಕೃತಿ ಪಡೆದು ಬನ್ನಿರಿ. ಕಾರ್ಖಾನೆಯಲ್ಲಿ ದುಡಿಯುವ ಅಣ್ಣತಮ್ಮಂದಿರನ್ನು ಎದುರಾಳಿಗಳೆಂದು ಕಾಣಬೇಡಿ. ಕುಲುಮೆಯ ಧೂಳನ್ನು ಎಲ್ಲರಿಗಿಂತ ಮೊದಲು ನುಂಗುವವರು ಅವರೇ. 2019ರಲ್ಲಿ ಹಿರೇಹಳ್ಳದ ಹೂಳನ್ನು ತೆಗೆದದ್ದು ಇದೇ ಜಿಲ್ಲೆಯ ಜನರ ಕೈಗಳು. ಹಳ್ಳವನ್ನು ಬದುಕಿಸಿದ ಜನಕ್ಕೆ ಗಾಳಿಯನ್ನು ಉಳಿಸಿಕೊಳ್ಳುವುದೂ ಸಾಧ್ಯ.

ದೇಶದ ಉಕ್ಕು ಆರದಿರಲಿ. ಅದಕ್ಕಾಗಿ ಸರ್ಕಾರ ಸುಂಕ ಹಾಕಲಿ, ಹಣ ಕೊಡಲಿ, ಬೇಕಾದರೆ ಒಡೆತನವನ್ನೇ ವಹಿಸಿಕೊಳ್ಳಲಿ, ನಾವು ಜೊತೆಗಿದ್ದೇವೆ. ಆದರೆ ಯಾರಿಗಾಗಿ ದೇಶವನ್ನು ಕಾಯಬೇಕೋ ಆ ಜನ ಹಿರೇಬಗನಾಳದಲ್ಲಿಯೂ ಗಿಣಿಗೇರಾದಲ್ಲಿಯೂ ಇದ್ದಾರೆ. ಅವರ ಮನೆಯ ಮಗು ನೆಮ್ಮದಿಯಿಂದ ಉಸಿರಾಡುವಂತಾಗುವುದೂ ರಾಷ್ಟ್ರೀಯ ಭದ್ರತೆಯೇ.